ಶಾಸನಸಭೆಯ ಅಧಿವೇಶನವೂ ಶ್ರಾವಕನ ಮೌನವೂ

ಸ್ತ್ರೀಕಥೆ, ಭಕ್ತಕಥೆ, ದೇಶಕಥೆ, ರಾಜಕಥೆ ಎಂದು ವಿಕಥೆಗಳು ನಾಲ್ಕು. ಹದಿನೈದು ಪ್ರಮಾದಗಳ ಎಣಿಕೆಯಲ್ಲಿ ಇವು ಮೊದಲು ಬರುತ್ತವೆ. ಆತ್ಮಹಿತವನ್ನು ಬಯಸುವವನು ಇವುಗಳಲ್ಲಿ ಕಾಲ ಕಳೆಯಬಾರದೆಂಬುದು ಪೂರ್ವಾಚಾರ್ಯರ ಉಪದೇಶ. ಶಾಸ್ತ್ರಸ್ವಾಧ್ಯಾಯದ ಅಭ್ಯಾಸವಿರುವ ಮನೆಗಳಲ್ಲಿ ಮಕ್ಕಳಿಗೂ ತಿಳಿದಿರುವ ಈ ಮಾತು ಇಂದಿನ ಪ್ರಜಾಪ್ರಭುತ್ವದಲ್ಲಿ ಒಂದು ಧರ್ಮಸಂಕಟವನ್ನು ಮುಂದಿಡುತ್ತದೆ.

ಒಂದು ಬಸದಿಯ ಆಡಳಿತ ಮಂಡಳಿಯ ಸಭೆಯನ್ನು ಕಲ್ಪಿಸಿಕೊಳ್ಳಬಹುದು. ಅಭಿಷೇಕದ ವೆಚ್ಚ, ನೋಂಪಿಯ ಸಿದ್ಧತೆ, ಮಳೆಗಾಲಕ್ಕೆ ಮೊದಲು ಆಗಬೇಕಾದ ಮಾಡಿನ ದುರಸ್ತಿ ಇವೆಲ್ಲ ಚರ್ಚೆಯಾಗಿವೆ. ಕೊನೆಯಲ್ಲಿ ಕಿರಿಯ ಸದಸ್ಯನೊಬ್ಬನು, "ದೊಡ್ಡಪ್ಪಾ, ಮುಂದಿನ ವಾರ ವಿಧಾನಮಂಡಲದ ಅಧಿವೇಶನ ಆರಂಭವಾಗುತ್ತದೆ. ಯಾವ ಯಾವ ವಿಧೇಯಕಗಳು ಬರುತ್ತವೆ ಎಂದು ನಮ್ಮಲ್ಲಿ ಒಬ್ಬರಾದರೂ ನೋಡಿಟ್ಟುಕೊಂಡರೆ ಒಳ್ಳೆಯದಲ್ಲವೆ?" ಎನ್ನುತ್ತಾನೆ. "ಬೇಡ ಮಗಾ, ಅದು ರಾಜಕಥೆ. ಜಿನಾಲಯದ ಅಂಗಳಕ್ಕೆ ಅದನ್ನು ತರುವುದು ತಕ್ಕುದಲ್ಲ" ಎಂದು ಹಿರಿಯರು ಹೇಳುತ್ತಾರೆ. ಸಭೆ ಮುಗಿಯುತ್ತದೆ.

ಹಿರಿಯರ ಮಾತಿನಲ್ಲಿ ಸತ್ಯವಿಲ್ಲವೆಂದು ಹೇಳುವಂತಿಲ್ಲ. ಯಾರು ಮಂತ್ರಿಯಾದರು, ಯಾರು ಪಕ್ಷ ಬಿಟ್ಟರು, ಸದನದಲ್ಲಿ ಯಾರು ಯಾರನ್ನು ಹೀಯಾಳಿಸಿದರು ಎಂಬ ಮಾತುಗಳು ಗಂಟೆಗಟ್ಟಲೆ ನಡೆದರೂ ಆಡಿದವನಿಗಾಗಲಿ ಕೇಳಿದವನಿಗಾಗಲಿ ಉಳಿಯುವುದು ರಾಗ ಅಥವಾ ದ್ವೇಷ ಮಾತ್ರ. ಅದು ನಿಜವಾಗಿಯೂ ರಾಜಕಥೆಯೇ. ಆದರೆ ವಿಕಥೆಯನ್ನು ವಿಕಥೆಯನ್ನಾಗಿ ಮಾಡುವುದು ಯಾವುದು ಎಂಬುದನ್ನು ವಿಚಾರಿಸಬೇಕು. ಆಹಾರದ ಮಾತೆಲ್ಲವೂ ಭಕ್ತಕಥೆಯಾಗುವುದಾದರೆ ಅಭಕ್ಷ್ಯತ್ಯಾಗದ ಉಪದೇಶವೂ ವಿಕಥೆಯಾಗಬೇಕಾಗುತ್ತದೆ. ಹಾಗೆಂದು ಯಾರೂ ಹೇಳುವುದಿಲ್ಲ. ಮಾತಿನ ವಿಷಯಕ್ಕಿಂತ ಮಾತಿನ ಹಿಂದಿರುವ ಪ್ರಮಾದವೇ ಅಲ್ಲಿ ನಿರ್ಣಾಯಕ. ಕಷಾಯವನ್ನು ಕೆರಳಿಸುವ, ಯಾವ ಕರ್ತವ್ಯಕ್ಕೂ ಎಡೆಗೊಡದ ಮಾತು ವಿಕಥೆ. ಒಂದು ವಿಧೇಯಕದ ಖಂಡಗಳನ್ನು ಸಾವಧಾನದಿಂದ ಓದಿ, ಅದರಿಂದ ಯಾವ ಜೀವಕ್ಕೆ ಹಿತ, ಯಾವ ಜೀವಕ್ಕೆ ಹಾನಿ ಎಂದು ತೂಗಿನೋಡುವುದು ಬೇರೆಯೇ ಬಗೆಯ ಕೆಲಸ. ಅದು ಪ್ರಮಾದದ ಫಲವಲ್ಲ, ಅಪ್ರಮಾದದ ಅಭ್ಯಾಸ.

ಇಷ್ಟರಿಂದ ಅಂಥ ಓದಿಗೆ ದೋಷವಿಲ್ಲವೆಂದು ಸಿದ್ಧವಾಯಿತೇ ಹೊರತು ಅದು ಕರ್ತವ್ಯವೆಂದು ಸಿದ್ಧವಾಗಲಿಲ್ಲ. ಅದಕ್ಕೆ ಆಸ್ರವದ ವಿವೇಚನೆಯತ್ತ ಹೋಗಬೇಕು. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಜೀವಾಧಿಕರಣದ 108 ಭೇದಗಳು ಬರುತ್ತವೆ. ಸಂರಂಭ, ಸಮಾರಂಭ, ಆರಂಭ ಎಂಬ ಮೂರು. ಮನಸ್ಸು, ವಚನ, ಕಾಯ ಎಂಬ ಮೂರು. ಕೃತ, ಕಾರಿತ, ಅನುಮತ ಎಂಬ ಮೂರು. ಕ್ರೋಧಾದಿ ಕಷಾಯಗಳು ನಾಲ್ಕು. ಇವನ್ನು ಗುಣಿಸಿದಾಗ 108 ಆಗುತ್ತದೆ. ಕರ್ಮವು ಒಳಬರುವ ಬಾಗಿಲು ತನ್ನ ಕೈಯಿಂದ ಮಾಡಿದ ಕಾರ್ಯವೊಂದೇ ಅಲ್ಲ. ಮಾಡಿಸಿದ್ದೂ ಬಾಗಿಲು, ಒಪ್ಪಿದ್ದೂ ಬಾಗಿಲು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅಹಿಂಸಾಣುವ್ರತವನ್ನು ವಿವರಿಸುವಾಗ ತ್ರಸಜೀವಿಗಳ ಸಂಕಲ್ಪಹಿಂಸೆಯನ್ನು ಈ ಮೂರು ಬಗೆಗಳಿಂದಲೂ ಬಿಡಬೇಕೆಂದು ಗೃಹಸ್ಥನಿಗೇ ವಿಧಿಸಿದ್ದಾರೆ.

ಅರಸರ ಕಾಲದಲ್ಲಿ ಪ್ರಜೆಗೆ ಕಾನೂನಿನ ರಚನೆಯಲ್ಲಿ ಕೈಯಿರಲಿಲ್ಲ. ಅರಸನ ಆಜ್ಞೆಯ ಪುಣ್ಯಪಾಪಗಳು ಬಹುಮಟ್ಟಿಗೆ ಅರಸನವೇ ಆಗಿದ್ದವು. ಇಂದು ಕರ್ನಾಟಕದ ವಿಧಾನಸಭೆಯಲ್ಲಿ ಕುಳಿತಿರುವ 224 ಸದಸ್ಯರನ್ನು ಅಲ್ಲಿಗೆ ಕಳುಹಿಸಿದವರು ಮತದಾರರು. ಅವರು ಕೈಯೆತ್ತಿ ಅಂಗೀಕರಿಸುವ ಪ್ರತಿಯೊಂದು ಅಧಿನಿಯಮದಲ್ಲಿಯೂ ಮತದಾರನ ಪಾಲು ಕಾರಿತದ ರೂಪದಲ್ಲಿಯೋ ಅನುಮತದ ರೂಪದಲ್ಲಿಯೋ ಎಷ್ಟೋ ಇದ್ದೇ ಇರುತ್ತದೆ. ಅಲ್ಲದೆ, ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವೂ ಒಂದು. ರಾಜ್ಯದ ಕಟ್ಟಳೆಯನ್ನು ಮೀರುವುದು ಶ್ರಾವಕನಿಗೆ ವ್ರತದೋಷ. ಪಾಲಿಸಲೇಬೇಕಾದ ಕಟ್ಟಳೆಯು ಹೇಗೆ ಹುಟ್ಟುತ್ತದೆ ಎಂಬುದನ್ನು ತಿಳಿಯಲಾರೆನೆಂದು ಅವನು ಹೇಗೆ ಹೇಳಿಯಾನು?

ಇಲ್ಲಿ ಎರಡು ಆಕ್ಷೇಪಗಳು ಏಳುತ್ತವೆ. ಲಕ್ಷಾಂತರ ಮತಗಳಲ್ಲಿ ಒಬ್ಬನ ಮತದ ತೂಕವೆಷ್ಟು, ಯಾವುದೋ ಕಾರಣಕ್ಕೆ ಕೊಟ್ಟ ಮತವು ಪ್ರತಿಯೊಂದು ಕಾನೂನಿಗೂ ಕೊಟ್ಟ ಒಪ್ಪಿಗೆಯಾಗುವುದು ಹೇಗೆ ಎಂಬುದು ಮೊದಲನೆಯದು. ಇದು ನ್ಯಾಯವಾದ ಆಕ್ಷೇಪ. ತಿಳಿಯದ ವಿಷಯಕ್ಕೆ, ತಡೆಯಲಾರದ ವಿಷಯಕ್ಕೆ ಯಾರನ್ನೂ ಪೂರ್ಣವಾಗಿ ಹೊಣೆ ಮಾಡಲಾಗದು. ಆದರೆ ತಿಳಿಯಬಹುದಾಗಿದ್ದೂ ತಿಳಿಯದೆ ಉಳಿದವನ, ಒಂದು ಮಾತು ಹೇಳಬಹುದಾಗಿದ್ದೂ ಹೇಳದೆ ಉಳಿದವನ ಸ್ಥಿತಿ ಹಾಗಲ್ಲ. ಹೊಣೆಯು ಶಕ್ತಿಗೆ ಅನುಗುಣವಾದುದು. ಒಬ್ಬ ಕೂಲಿಕಾರನಿಗಿಂತ ಅಕ್ಷರ, ಧನ, ಸಂಘಟನೆ ಮೂರೂ ಇರುವ ಸಮಾಜದ ಹೊಣೆ ಹೆಚ್ಚು. ಜೈನಸಮಾಜವು ಈ ಎರಡನೆಯ ಬಗೆಯದೆಂಬುದನ್ನು ಹೇಳಬೇಕಾಗಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದುದು. ಶ್ರಾವಕನ ಹನ್ನೊಂದು ಪ್ರತಿಮೆಗಳಲ್ಲಿ ಹತ್ತನೆಯದು ಅನುಮತಿತ್ಯಾಗ. ಆ ಮೆಟ್ಟಿಲನ್ನು ಏರಿದವನು ಲೌಕಿಕ ಕಾರ್ಯಗಳಲ್ಲಿ ಸಮ್ಮತಿಯನ್ನೇ ಕೊಡುವುದಿಲ್ಲ. ಬೇಕು ಎನ್ನುವುದಿಲ್ಲ, ಬೇಡ ಎನ್ನುವುದೂ ಇಲ್ಲ. ಹಾಗಾದರೆ ಶಾಸನಸಭೆಯ ವಿಷಯದಲ್ಲಿ ಮೌನವಾಗಿರುವ ಗೃಹಸ್ಥನು ಆ ಆದರ್ಶದತ್ತಲೇ ನಡೆಯುತ್ತಿರುವನಲ್ಲವೆ? ಇಲ್ಲ. ಹತ್ತನೆಯ ಪ್ರತಿಮೆಗೆ ಒಂಬತ್ತು ಮೆಟ್ಟಿಲುಗಳಿವೆ. ಆರಂಭತ್ಯಾಗ, ಪರಿಗ್ರಹತ್ಯಾಗಗಳನ್ನು ಮಾಡಿದ ಬಳಿಕ ಬರುವ ಮೌನ ಅದು. ಅಂಗಡಿಯ ಲೆಕ್ಕ ಬಿಡದ, ತೋಟದ ಧಾರಣೆ ಮರೆಯದ, ತನ್ನ ನಿವೇಶನದ ದಾಖಲೆಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ಗೃಹಸ್ಥನು ಪರರ ಹಿತಾಹಿತದ ಮಾತು ಬಂದಾಗ ಮಾತ್ರ ತಾಳುವ ಮೌನಕ್ಕೆ ಅನುಮತಿತ್ಯಾಗವೆಂಬ ಹೆಸರು ಸಲ್ಲದು. ತ್ಯಾಗದ ಮೌನ ಬೇರೆ, ಔದಾಸೀನ್ಯದ ಮೌನ ಬೇರೆ. ಎರಡೂ ಹೊರಗಿನಿಂದ ಒಂದೇ ಬಗೆಯಾಗಿ ಕಾಣುವುದರಿಂದಲೇ ಶ್ರಾವಕನು ತನ್ನ ಮೌನವನ್ನು ಪರೀಕ್ಷಿಸಿಕೊಳ್ಳಬೇಕಾಗಿದೆ.

ಹಾಗಾದರೆ ಗಮನವಿಡುವುದು ಎಲ್ಲಿ? ವಿಧೇಯಕವು ಒಂದು ದಿನದಲ್ಲಿ ಹುಟ್ಟಿ ಬೆಳೆಯುವಂಥದಲ್ಲ. ಅದು ಸದನದಲ್ಲಿ ಮಂಡನೆಯಾಗುತ್ತದೆ, ಬಳಿಕ ಪರ್ಯಾಲೋಚನೆಗೆ ಬಂದು ಖಂಡಶಃ ಚರ್ಚೆಯಾಗುತ್ತದೆ, ತಿದ್ದುಪಡಿಗಳಿದ್ದರೆ ಆಗಲೇ ಸೂಚಿಸಲ್ಪಡುತ್ತವೆ, ಕೊನೆಗೆ ಅಂಗೀಕಾರವಾಗುತ್ತದೆ. ಕೆಲವು ವಿಧೇಯಕಗಳು ನಡುವೆ ಪರಿಶೀಲನಾ ಸಮಿತಿಗೆ ಹೋಗುವುದೂ ಉಂಟು. ಕರ್ನಾಟಕದಲ್ಲಿ ಎರಡು ಸದನಗಳಿರುವುದರಿಂದ 75 ಸದಸ್ಯರ ವಿಧಾನಪರಿಷತ್ತೂ ಅದನ್ನು ವಿಚಾರಿಸಬೇಕು. ಹಣಕಾಸು ವಿಧೇಯಕವನ್ನು ಪರಿಷತ್ತು 14 ದಿನಗಳಿಗಿಂತ ಹೆಚ್ಚು ಇರಿಸಿಕೊಳ್ಳುವಂತಿಲ್ಲ. ಉಳಿದ ವಿಧೇಯಕಗಳನ್ನು ಮೊದಲ ಸಲ ಮೂರು ತಿಂಗಳು, ವಿಧಾನಸಭೆ ಮತ್ತೆ ಅಂಗೀಕರಿಸಿ ಕಳುಹಿಸಿದರೆ ಒಂದು ತಿಂಗಳು ತಡೆಹಿಡಿಯಬಹುದೆಂದು ಸಂವಿಧಾನದ 197ನೆಯ ಅನುಚ್ಛೇದ ಹೇಳುತ್ತದೆ. ಅನಂತರ ರಾಜ್ಯಪಾಲರ ಅಂಕಿತ, ರಾಜ್ಯಪತ್ರದಲ್ಲಿ ಪ್ರಕಟಣೆ, ನಿಯಮಗಳ ರಚನೆ. ಇವುಗಳಲ್ಲಿ ಪ್ರತಿಯೊಂದು ಹಂತವೂ ನಾಗರಿಕನು ತನ್ನ ಪ್ರತಿನಿಧಿಗೆ ಒಂದು ಪತ್ರ ಬರೆಯಬಹುದಾದ ಹಂತವೇ. ಸದನದ ಮುಂದೆ ಮನವಿಯನ್ನಿಡಲು ಅರ್ಜಿಗಳ ಸಮಿತಿಯೂ ಇದೆ.

ಈ ದಾರಿಯಲ್ಲಿ ಎಷ್ಟು ಬೇಗ ಎಷ್ಟು ಬದಲಾವಣೆ ಆಗಬಹುದೆಂಬುದಕ್ಕೆ ದೇವಾಲಯಗಳ ಆದಾಯಕ್ಕೆ ಸಂಬಂಧಿಸಿದ 2024ರ ಧಾರ್ಮಿಕ ದತ್ತಿ ತಿದ್ದುಪಡಿ ವಿಧೇಯಕವು ನಿದರ್ಶನ. ಫೆಬ್ರವರಿ 21ರಂದು ವಿಧಾನಸಭೆ ಅದನ್ನು ಅಂಗೀಕರಿಸಿತು. 23ರಂದು ವಿಧಾನಪರಿಷತ್ತು ತಿರಸ್ಕರಿಸಿತು. 29ರಂದು ವಿಧಾನಸಭೆ ಮತ್ತೊಮ್ಮೆ ಅಂಗೀಕರಿಸಿತು. ಎಂಟು ದಿನಗಳೊಳಗೆ ಮೂರು ನಿರ್ಣಯಗಳು. ತಲೆಬರಹವನ್ನು ಮಾತ್ರ ಓದಿದವನಿಗೆ ಯಾವ ದಿನದ ಪತ್ರಿಕೆ ಕೈಗೆ ಬಂತೋ ಆ ದಿನದ ತಿಳಿವಳಿಕೆಯೇ ಕೊನೆಯ ತಿಳಿವಳಿಕೆ. ವರ್ಷಕ್ಕೆ ಕನಿಷ್ಠ 60 ದಿನ ಸದನ ಸೇರಬೇಕೆಂದು ಕರ್ನಾಟಕವು 2005ರಲ್ಲಿ ತಾನೇ ಕಾನೂನು ಮಾಡಿಕೊಂಡಿದ್ದರೂ ಆ ಸಂಖ್ಯೆ ಮುಟ್ಟದ ವರ್ಷಗಳು ಅನೇಕ. ಸದನ ಸೇರುವ ದಿನಗಳು ಕಡಿಮೆಯಾದಷ್ಟೂ ಹೊರಗಿನವರ ಎಚ್ಚರ ಹೆಚ್ಚಾಗಬೇಕು.

ಜೈನಸಮಾಜಕ್ಕೆ ನೇರವಾಗಿ ಸಂಬಂಧಿಸಿದ ಒಂದು ಅಧಿನಿಯಮವನ್ನು ಇಲ್ಲಿ ವಿಚಾರಿಸುವುದು ಉಚಿತ. ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ ವಿಧೇಯಕವು ನವೆಂಬರ್ 2017ರಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದ ಅಧಿವೇಶನದಲ್ಲಿ ಅಂಗೀಕಾರವಾಯಿತು. ಇದಕ್ಕೆ ಮೊದಲು, ಡಾ. ನರೇಂದ್ರ ದಾಭೋಲ್ಕರರು ವರ್ಷಗಟ್ಟಲೆ ಹೋರಾಡಿ 20 ಆಗಸ್ಟ್ 2013ರಂದು ಪುಣೆಯಲ್ಲಿ ಹತರಾದ ಬಳಿಕ, ಮಹಾರಾಷ್ಟ್ರವು ಅದೇ ವರ್ಷ ಇಂಥದೇ ಕಾನೂನನ್ನು ಮಾಡಿತ್ತು. ಎರಡು ರಾಜ್ಯಗಳ ಕಾನೂನುಗಳಲ್ಲಿಯೂ ಅನ್ವಯವಾಗದ ಆಚರಣೆಗಳ ಪಟ್ಟಿಯೊಂದಿದೆ. ಪ್ರದಕ್ಷಿಣೆ, ಯಾತ್ರೆ, ಹರಿಕಥೆ, ಕೀರ್ತನೆಗಳ ಜೊತೆಗೆ ಜೈನರ ಕೇಶಲೋಚನವನ್ನೂ ಆ ಪಟ್ಟಿಯಲ್ಲಿ ಹೆಸರಿಸಲಾಗಿದೆ.

ಈ ವಿನಾಯಿತಿಯನ್ನು ಓದಿ ನೆಮ್ಮದಿಗೊಂಡವರು ಬಹಳ ಮಂದಿ ಇರಬಹುದು. ನೆಮ್ಮದಿ ಸಹಜವೇ. ಮುನಿಗಳ 28 ಮೂಲಗುಣಗಳಲ್ಲಿ ಒಂದಾದ ಕೇಶಲೋಚವನ್ನು ಅಮಾನವೀಯ ಪದ್ಧತಿಯೆಂದು ಯಾರಾದರೂ ತಪ್ಪಾಗಿ ತಿಳಿದಿದ್ದರೆ ಅದು ದೊಡ್ಡ ಅನರ್ಥವಾಗುತ್ತಿತ್ತು. ಆದರೆ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ. ತನ್ನ ಹೆಸರಿರುವ ಸಾಲನ್ನು ಓದಿ ಪುಸ್ತಕ ಮುಚ್ಚಿದವನು ವಿಧೇಯಕವನ್ನು ಓದಿದಂತಾಯಿತೆ? ಅದೇ ಅಧಿನಿಯಮವು ಮುಟ್ಟಾದ ಅಥವಾ ಗರ್ಭಿಣಿಯಾದ ಹೆಣ್ಣನ್ನು ಊರಿನಿಂದ ಹೊರಗಿರಿಸುವುದನ್ನು ನಿಷೇಧಿಸುತ್ತದೆ. ಹಾವು, ಚೇಳು, ನಾಯಿ ಕಚ್ಚಿದವನಿಗೆ ವೈದ್ಯಚಿಕಿತ್ಸೆಯನ್ನು ತಪ್ಪಿಸಿ ಮಂತ್ರತಂತ್ರಕ್ಕೆ ಒಪ್ಪಿಸುವುದನ್ನು ನಿಷೇಧಿಸುತ್ತದೆ. ಹೊರಗಿನ ಗುಡಿಸಲಿನಲ್ಲಿ ಮಳೆಗೆ ನೆನೆಯುತ್ತಿದ್ದ ಬಾಣಂತಿಯ ನೋವು ಜೀವದಯೆಯ ವಿಷಯವಲ್ಲವೆ? ಇರುವೆಗೂ ನೋವಾಗಬಾರದೆಂದು ನೆಲ ನೋಡಿ ನಡೆಯುವ ಧರ್ಮದವನು ಆ ಖಂಡವನ್ನು ತನ್ನದಲ್ಲವೆಂದು ದಾಟಿ ಹೋಗುವುದು ಹೇಗೆ?

ವಿನಾಯಿತಿಯ ಅರ್ಥವನ್ನೂ ಸರಿಯಾಗಿ ಗ್ರಹಿಸಬೇಕು. ವ್ರತವನ್ನು ತಿಳಿದು, ತಾನೇ ಆರಿಸಿ, ತನ್ನ ದೇಹದ ಮೇಲೆ ತಾನು ಕೈಗೊಳ್ಳುವ ತಪಸ್ಸಿಗೂ ಅಸಹಾಯಕನ ಮೇಲೆ ಮತ್ತೊಬ್ಬನು ಹೇರುವ ಕ್ಲೇಶಕ್ಕೂ ಅಂತರವಿದೆ. ಕೇಶಲೋಚವನ್ನು ಸಮರ್ಥಿಸಬಹುದಾದ ಧರ್ಮಯುಕ್ತ ಕಾರಣ ಇದೊಂದೇ. ಈ ಕಾರಣವನ್ನು ಒಪ್ಪಿದ ಸಮಾಜವು ಅದೇ ಅಳತೆಗೋಲನ್ನು ತನ್ನ ಮನೆಯೊಳಗೂ ಹಿಡಿಯಬೇಕಾಗುತ್ತದೆ. ಚಿಕ್ಕ ಮಕ್ಕಳಿಂದ ದೀರ್ಘ ಉಪವಾಸ ಮಾಡಿಸಿ ಮೆರವಣಿಗೆಯಲ್ಲಿ ಕೂರಿಸುವಾಗ ಆ ಮಗು ತಾನೇ ಆರಿಸಿಕೊಂಡಿತೆ, ಮನೆಯವರ ಹೆಮ್ಮೆ ಆರಿಸಿತೆ ಎಂಬುದನ್ನು ಯಾರಾದರೂ ಕೇಳಬೇಕು. ಸರಕಾರ ಕೇಳುವ ಮೊದಲು ಸಮಾಜವೇ ಕೇಳಿಕೊಳ್ಳುವುದು ಮೇಲು.

ಗಮನವಿಟ್ಟವನು ಮಾತನಾಡಬೇಕಾಗಿ ಬರುತ್ತದೆ. ಮಾತಿಗೂ ವ್ರತದ ಕಟ್ಟುಂಟು. ಸತ್ಯಾಣುವ್ರತದ ಅತಿಚಾರಗಳಲ್ಲಿ ಮಿಥ್ಯೋಪದೇಶವೂ ಕೂಟಲೇಖಕ್ರಿಯೆಯೂ ಸೇರಿವೆ. ವಿಧೇಯಕದಲ್ಲಿ ಇಲ್ಲದುದನ್ನು ಇದೆಯೆಂದು ಹೇಳಿ ಜನರನ್ನು ಹೆದರಿಸುವುದು ಮಿಥ್ಯೋಪದೇಶ. ಕೈಯಿಂದ ಕೈಗೆ ದೂರವಾಣಿಯಲ್ಲಿ ಬಂದ ಸಂದೇಶವನ್ನು ಪರೀಕ್ಷಿಸದೆ ಮುಂದಕ್ಕೆ ಕಳುಹಿಸುವುದೂ ಅದರ ನೆರೆಯದೇ. ಸಹಿ ಹಾಕದವರ ಹೆಸರನ್ನು ಮನವಿಪತ್ರದಲ್ಲಿ ಸೇರಿಸುವುದು ಕೂಟಲೇಖ. ಉದ್ದೇಶ ಜೀವದಯೆಯೇ ಆಗಿದ್ದರೂ ಈ ದೋಷ ದೋಷವೇ. ಅನೇಕಾಂತವು ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ವಿಧೇಯಕವನ್ನು ತಂದವರು ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆಯಲ್ಲಿ ಏನು ಬರೆದಿದ್ದಾರೆ, ಅದನ್ನು ವಿರೋಧಿಸುವವರ ನೋವು ಯಾವುದು, ಅದರಿಂದ ಬದುಕು ಕಳೆದುಕೊಳ್ಳುವ ಬಡವನು ಯಾರು ಎಂಬುದನ್ನು ನೋಡದೆ ಆಡಿದ ಮಾತು ಏಕಾಂತವಾಗುತ್ತದೆ. ಎದುರಾಳಿಯ ಮಾತಿನಲ್ಲಿರುವ ಸತ್ಯಾಂಶವನ್ನು ಮೊದಲು ಒಪ್ಪಿಕೊಂಡು ಆಮೇಲೆ ತನ್ನ ಮಾತನ್ನು ಇಡುವವನಿಗೆ ಸದನದ ಸದಸ್ಯನೂ ಕಿವಿಗೊಡುತ್ತಾನೆ.

ಪ್ರಭುತ್ವದ ಮುಂದೆ ಮಾತಾಡುವುದು ಕನ್ನಡನಾಡಿನ ಜೈನರಿಗೆ ಹೊಸತೇನೂ ಅಲ್ಲ. ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿರುವ 1368ರ ಶಾಸನ ಅದಕ್ಕೆ ಸಾಕ್ಷಿ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಹುಟ್ಟಿದಾಗ ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ ಮೊದಲಾದ ನಾಡುಗಳ ಭವ್ಯರು ಬುಕ್ಕರಾಯನಲ್ಲಿ ಬಿನ್ನವಿಸಿಕೊಂಡರು. ರಾಯನು ಇಬ್ಬರ ಕೈಗಳನ್ನೂ ಕೂಡಿಸಿ, ಜೈನದರ್ಶನಕ್ಕೂ ವೈಷ್ಣವದರ್ಶನಕ್ಕೂ ಭೇದವಿಲ್ಲವೆಂದು ಸಾರಿ, ಪಂಚಮಹಾವಾದ್ಯ ಮತ್ತು ಕಲಶಗಳ ಹಕ್ಕನ್ನು ಜೈನರಿಗೆ ಉಳಿಸಿಕೊಟ್ಟನು. ಆ ಶಾಸನದಲ್ಲಿ ಎರಡು ಸಂಗತಿಗಳು ಗಮನಾರ್ಹ. ಬಿನ್ನಹದ ಫಲವಾಗಿ ಎದುರು ಪಕ್ಷದವರ ಸೋಲು ಘೋಷಿತವಾಗಲಿಲ್ಲ. ಅವರಲ್ಲಿಯೇ ಒಬ್ಬರಾದ ತಿರುಮಲೆಯ ತಾತಯ್ಯನಿಗೆ ಬೆಳಗೊಳದ ದೇವರ ರಕ್ಷಣೆಗಾಗಿ 20 ಆಳುಗಳನ್ನು ನೇಮಿಸುವ ಹೊಣೆ ಬಂತು. ಅದರ ವೆಚ್ಚವನ್ನು ಜೈನರು ಮನೆಗೆ ವರ್ಷಕ್ಕೆ ಒಂದು ಹಣದಂತೆ ತಾವೇ ಕೊಟ್ಟರು. ಮಿಕ್ಕ ಹಣದಿಂದ ಜೀರ್ಣ ಜಿನಾಲಯಗಳ ಉದ್ಧಾರವಾಗಬೇಕೆಂದು ಗೊತ್ತಾಯಿತು. ನ್ಯಾಯವನ್ನು ಕೇಳಿದವರು ಅದರ ಭಾರವನ್ನೂ ಹೊತ್ತರು. ಇಂದಿನ ಮನವಿಪತ್ರಗಳಿಗೆ ಇದಕ್ಕಿಂತ ಒಳ್ಳೆಯ ಮೇಲ್ಪಂಕ್ತಿ ಬೇಕೆ?

ಒಗ್ಗಟ್ಟಿನ ಶಕ್ತಿ ಸಮಾಜದಲ್ಲಿ ಇಲ್ಲದಿಲ್ಲ. ಸಲ್ಲೇಖನವು ಆತ್ಮಹತ್ಯೆಗೆ ಸಮಾನವಾದ ಅಪರಾಧವೆಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಆಗಸ್ಟ್ 2015ರಲ್ಲಿ ತೀರ್ಪಿತ್ತಾಗ ದೇಶದ ಅನೇಕ ನಗರಗಳಲ್ಲಿ ಜೈನರು ಮೌನ ಮೆರವಣಿಗೆ ನಡೆಸಿದರು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆಯಾಜ್ಞೆ ಕೊಟ್ಟಿತು. ತನಗೆ ಪೆಟ್ಟು ಬಿದ್ದಾಗ ಎಚ್ಚರಗೊಳ್ಳುವುದು ಎಲ್ಲ ಜೀವಿಗಳ ಸ್ವಭಾವ. ಪರರಿಗೆ ಬೀಳುವ ಪೆಟ್ಟನ್ನು ಮೊದಲೇ ಕಾಣುವುದು ವ್ರತಿಯ ಲಕ್ಷಣ.

ಅಧಿವೇಶನ ಮುಗಿದೊಡನೆ ಕೆಲಸ ಮುಗಿಯುವುದಿಲ್ಲ. 2017ರಲ್ಲಿ ಅಂಗೀಕಾರವಾದ ಆ ಅಧಿನಿಯಮವು ಜಾರಿಗೆ ಬಂದದ್ದು ಜನವರಿ 2020ರಲ್ಲಿ. ನಡುವಿನ ಎರಡು ವರ್ಷಗಳಲ್ಲಿ ಅದೇಕೆ ಜಾರಿಯಾಗಿಲ್ಲವೆಂದು ಎಷ್ಟು ಬಸದಿಗಳ ಮಂಡಳಿಗಳು ತಮ್ಮ ಶಾಸಕರಿಗೆ ಬರೆದು ಕೇಳಿದವು? ದೇವರ ಹೆಸರಿನ ಪ್ರಾಣಿಬಲಿಯನ್ನು ತಡೆಯುವ ಅಧಿನಿಯಮವು ಕರ್ನಾಟಕದಲ್ಲಿ 1959ರಿಂದಲೂ ಇದೆ. ಕಾನೂನು ಪುಸ್ತಕದಲ್ಲಿದ್ದರೂ ಬಲಿ ನಿಂತಿಲ್ಲದ ಜಾತ್ರೆಗಳಿವೆ. ಅಲ್ಲಿ ಪೊಲೀಸರನ್ನು ಕರೆಯುವುದಕ್ಕಿಂತ ಮೊದಲು ಆ ಊರಿನವರೊಡನೆ ಕುಳಿತು ಮಾತಾಡಿದವರು ಹೆಚ್ಚಿನದನ್ನು ಸಾಧಿಸುತ್ತಾರೆ; ಕಾನೂನು ಅವರ ಮಾತಿಗೆ ಬೆನ್ನಾಗಿ ನಿಲ್ಲುತ್ತದೆ.

ಇದಕ್ಕೆ ದೊಡ್ಡ ಸಂಸ್ಥೆ ಬೇಕಾಗಿಲ್ಲ. ಪ್ರತಿ ಮಂಡಳಿಯಲ್ಲಿ ಓದುಬರಹದಲ್ಲಿ ಆಸಕ್ತಿಯುಳ್ಳ ಇಬ್ಬರು, ಅವರಲ್ಲಿ ಒಬ್ಬರು ಶ್ರಾವಿಕೆಯಾದರೆ ಇನ್ನೂ ಒಳ್ಳೆಯದು, ಅಧಿವೇಶನದ ಆರಂಭದಲ್ಲಿ ವಿಧೇಯಕಗಳ ಪಟ್ಟಿಯನ್ನು ನೋಡಿ ಒಂದು ವಹಿಯಲ್ಲಿ ಬರೆದಿಡಬಹುದು: ವಿಧೇಯಕದ ಹೆಸರು, ಮಂಡನೆಯಾದ ದಿನ, ಯಾವ ಜೀವಿಗಳಿಗೆ ಸಂಬಂಧಿಸಿದ್ದು, ಈಗ ಯಾವ ಸದನದಲ್ಲಿದೆ, ಶಾಸಕರಿಗೆ ಬರೆದ ಪತ್ರ, ಬಂದ ಉತ್ತರ. ಮೂಲವನ್ನು ಓದುವ ಮೊದಲು ಯಾವ ಅಭಿಪ್ರಾಯವನ್ನೂ ಬರೆಯಬಾರದೆಂಬ ನಿಯಮವಿರಲಿ. ಯಾವ ಪಕ್ಷದ ಪರವಾಗಿಯೂ ಬಸದಿಯ ಹಣವಾಗಲಿ ಹೆಸರಾಗಲಿ ಬಳಕೆಯಾಗದಿರಲಿ; ಇಂದು ಒಂದು ವಿಧೇಯಕಕ್ಕೆ ಒಪ್ಪಿಗೆ ಹೇಳಿದ ಪಕ್ಷಕ್ಕೇ ನಾಳೆ ಮತ್ತೊಂದರಲ್ಲಿ ಅಸಮ್ಮತಿ ಹೇಳುವ ಸ್ವಾತಂತ್ರ್ಯ ಉಳಿಯುವುದು ಹಾಗೆ ಮಾತ್ರ. ಹೀಗೆ ನಡೆದಾಗ ಹಿರಿಯರ ಭಯವೂ ನಿವಾರಣೆಯಾಗುತ್ತದೆ. ಅವರು ಬೇಡವೆಂದದ್ದು ರಾಗದ್ವೇಷದ ಹರಟೆಯನ್ನು. ಆ ಹರಟೆಗೆ ಈ ವಹಿಯಲ್ಲಿ ಜಾಗವೇ ಇರುವುದಿಲ್ಲ.

ಸಂಜೆಯ ಪ್ರತಿಕ್ರಮಣದಲ್ಲಿ ಶ್ರಾವಕನು ತಿಳಿದೋ ತಿಳಿಯದೆಯೋ ಮಾಡಿದ, ಮಾಡಿಸಿದ, ಒಪ್ಪಿದ ದೋಷಗಳನ್ನು ನೆನೆದು ಕ್ಷಮೆ ಬೇಡುತ್ತಾನೆ. ಮೊದಲ ಎರಡರ ಲೆಕ್ಕ ಬೇಗ ನೆನಪಿಗೆ ಬರುತ್ತದೆ. ಒಪ್ಪಿದ್ದರ ಲೆಕ್ಕ ಹಾಕುವಾಗ, ಬಾಯಿಬಿಟ್ಟು ಒಪ್ಪದಿದ್ದರೂ ಸುಮ್ಮನಿದ್ದು ಒಪ್ಪಿದವುಗಳ ಕಡೆಗೆ ಮನಸ್ಸು ಒಂದು ಕ್ಷಣ ತಿರುಗಿದರೆ, ಮರುದಿನ ಆ ವಹಿಯನ್ನು ತೆರೆಯಲು ಬೇರೆ ಪ್ರೇರಣೆ ಬೇಕಾಗಲಾರದು.